ಬೆಳಕಿನ ಅಳತೆಗೋಲು

ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಬಯಲಿನಲ್ಲಿ ನಿಂತು ದೂರಕ್ಕೆ ದೃಷ್ಟಿ ಹಾಯಿಸಿದರೆ ನಂದಿಬೆಟ್ಟದ ಸಾಲು ತಿಳಿನೀಲಿಯಾಗಿ ಕಾಣುತ್ತದೆ. ಹತ್ತಿರಕ್ಕೆ ಹೋದಾಗ ಆ ನೀಲಿ ಎಲ್ಲಿಯೂ ಇಲ್ಲ; ಬೂದುಬಣ್ಣದ ಬಂಡೆ, ಹಸುರು ಗಿಡಮರ ಮಾತ್ರ ಅಲ್ಲಿರುತ್ತವೆ. ಹಾಗಾದರೆ ಆ ನೀಲಿ ಬೆಟ್ಟದ್ದಲ್ಲ, ನಮಗೂ ಬೆಟ್ಟಕ್ಕೂ ನಡುವೆ ಇರುವ ಗಾಳಿಯದು. ಒಂದು ಗಾಜಿನ ಲೋಟದ ನೀರಿಗೆ ಎರಡು ತೊಟ್ಟು ಹಾಲು ಹಾಕಿ ಪಕ್ಕದಿಂದ ಬೆಳಕು ಹಾಯಿಸಿದರೆ ನೀರು ನಸುನೀಲಿಯಾಗಿ ತೋರುತ್ತದೆ. ಕೆಚ್ಚಲಿನಿಂದ ಕರೆದ ಹಾಲು ಮಾತ್ರ ಅಚ್ಚ ಬಿಳುಪು. ಹಾಲಿನ ಬಿಳುಪು, ಬೆಟ್ಟದ ನೀಲಿ, ಒಲೆಯ ಹೊಗೆಯ ನೀಲಿ ಇವೆಲ್ಲವೂ ಒಂದೇ ನಿಯಮದ ಬೇರೆ ಬೇರೆ ರೂಪಗಳು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ನಾನಾ ದಿಕ್ಕಿಗೆ ಚದುರಿಸುತ್ತವೆ. ಚದುರಿದ ಬೆಳಕು ತನ್ನನ್ನು ಚದುರಿಸಿದ ಕಣದ ಗಾತ್ರವನ್ನು ತನ್ನ ಮೈಮೇಲೆ ಬರೆದುಕೊಂಡು ಹೊರಡುತ್ತದೆ. ಆ ಬರೆಹವನ್ನು ಓದುವುದಕ್ಕೆ ತಮ್ಮ ಆಯುಷ್ಯದ ಬಹುಭಾಗವನ್ನು ಮುಡಿಪಾಗಿಟ್ಟ ಮಹನೀಯರು ಸರ್ ಚಂದ್ರಶೇಖರ ವೆಂಕಟ ರಾಮನ್ ಅವರು.

ರಾಮನ್ ಅವರು 1888ನೆಯ ಇಸವಿ ನವೆಂಬರ್ 7ರಂದು ತಮಿಳುನಾಡಿನ ತಿರುಚಿನಾಪಳ್ಳಿಗೆ ಸಮೀಪದ ತಿರುವಾನೈಕ್ಕಾವಲ್ ಎಂಬಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ಬಾಲಕ ಇನ್ನೂ ಚಿಕ್ಕವನಿದ್ದಾಗಲೇ ತಂದೆಯವರು ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಹಾಗೂ ಭೌತಶಾಸ್ತ್ರದ ಅಧ್ಯಾಪಕರಾದ್ದರಿಂದ ಸಂಸಾರ ಆ ಕಡಲತೀರದ ಊರಿಗೆ ಬಂದಿತು. ಮನೆಯಲ್ಲಿ ಐಶ್ವರ್ಯವಿರಲಿಲ್ಲ, ಆದರೆ ಪುಸ್ತಕಗಳಿದ್ದವು, ವೀಣೆ ಪಿಟೀಲುಗಳ ನಾದವಿತ್ತು. ಹನ್ನೊಂದನೆಯ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಮುಗಿಸಿದ ಬಾಲಕನು ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ 1904ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ಮೊದಲಿಗನಾಗಿ ತೇರ್ಗಡೆ ಹೊಂದಿ ಭೌತಶಾಸ್ತ್ರದ ಚಿನ್ನದ ಪದಕವನ್ನು ಪಡೆದನು. 1906ರಲ್ಲಿ, ಎಂ.ಎ. ವಿದ್ಯಾರ್ಥಿಯಾಗಿದ್ದಾಗಲೇ, ಬೆಳಕಿನ ವಿವರ್ತನೆಯನ್ನು ಕುರಿತ ಅವನ ಲೇಖನವು ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನ್ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಅವನಿಗೆ ಹದಿನೆಂಟು ವರ್ಷ.

ಅಂದಿನ ಭಾರತದಲ್ಲಿ ವಿಜ್ಞಾನವನ್ನೇ ನಂಬಿ ಬದುಕುವ ದಾರಿ ತೀರ ಕಿರಿದಾಗಿತ್ತು. ಬುದ್ಧಿವಂತ ತರುಣರೆಲ್ಲರೂ ಸರ್ಕಾರಿ ಹುದ್ದೆಯನ್ನೇ ಅರಸುತ್ತಿದ್ದರು. ರಾಮನ್ ಅವರೂ ಹಣಕಾಸು ಇಲಾಖೆಯ ಪರೀಕ್ಷೆಗೆ ಕುಳಿತು ಉತ್ತೀರ್ಣರಾಗಿ, 1907ರಲ್ಲಿ ಲೋಕಸುಂದರಿಯವರನ್ನು ಮದುವೆಯಾಗಿ, ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಎಂಬ ದೊಡ್ಡ ಅಧಿಕಾರದ ಮೇಲೆ ಕಲ್ಕತ್ತೆಗೆ ಹೋದರು. ಆ ನಗರದ ಬೌಬಜಾರ್ ಬೀದಿಯಲ್ಲಿ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಪ್ರಸಾರ ಸಂಘವಿತ್ತು. ಅಲ್ಲಿ ಪ್ರಯೋಗಶಾಲೆಯಿತ್ತು, ಅದನ್ನು ಬಳಸುವವರು ಇರಲಿಲ್ಲ. ತರುಣ ಅಧಿಕಾರಿ ಆ ಬಾಗಿಲನ್ನು ತಟ್ಟಿದರು. ಅಂದಿನಿಂದ ಬೆಳಗಿನ ಜಾವವೂ ಕಚೇರಿ ಬಿಟ್ಟ ಮೇಲಿನ ಸಂಜೆ ರಾತ್ರಿಗಳೂ ಪ್ರಯೋಗಶಾಲೆಯ ಪಾಲಾದವು. ನಡುಹಗಲು ಮಾತ್ರ ಸರ್ಕಾರದ ಲೆಕ್ಕಪತ್ರಗಳಿಗೆ ಸಂದಿತು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾದದ್ದನ್ನು ಬಿಟ್ಟರೆ ಹತ್ತು ವರ್ಷ ಹೀಗೆಯೇ ನಡೆಯಿತು. ಪಿಟೀಲು, ವೀಣೆ, ಮೃದಂಗಗಳ ನಾದವನ್ನು ಕುರಿತ ಅವರ ಹೆಸರಾಂತ ಸಂಶೋಧನೆಗಳಲ್ಲಿ ಹಲವು ಈ ಬಿಡುವಿನ ವೇಳೆಯ ಫಲ.

1917ರಲ್ಲಿ ಸರ್ ಅಶುತೋಷ್ ಮುಖರ್ಜಿಯವರು ಕಲ್ಕತ್ತ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪೀಠಕ್ಕೆ ರಾಮನ್ ಅವರನ್ನು ಆಹ್ವಾನಿಸಿದರು. ಈ ಹುದ್ದೆಯ ಸಂಬಳ ಅವರ ಸರ್ಕಾರಿ ಸಂಬಳಕ್ಕಿಂತ ಬಹಳ ಕಡಿಮೆ. ಹಣಕಾಸು ಇಲಾಖೆಯಲ್ಲಿ ಮುಂದುವರಿದರೆ ಇನ್ನೂ ಎತ್ತರದ ಪದವಿಗಳು ಕಾದಿದ್ದವು. ಮೂವತ್ತರೊಳಗಿನ ಗೃಹಸ್ಥನೊಬ್ಬ ಅಂಥ ಭದ್ರತೆಯನ್ನು ತೊರೆಯುವುದು ಆಗಿನ ಲೋಕರೂಢಿಗೆ ಹುಚ್ಚುತನವೆಂದೇ ತೋರುವಂಥದು. ರಾಮನ್ ಅವರು ತೊರೆದರು. ಲೆಕ್ಕಪತ್ರಗಳಲ್ಲಿ ನಿಪುಣರಾಗಿದ್ದ ಅವರಿಗೆ ತಾವು ಕಳೆದುಕೊಳ್ಳುವುದೆಷ್ಟು ಎಂಬ ಲೆಕ್ಕ ತಿಳಿಯದೆ ಇರಲಿಲ್ಲ. ಪಡೆಯುವುದರ ಬೆಲೆ ಅದಕ್ಕಿಂತ ಹೆಚ್ಚೆಂದು ಅವರು ನಿಶ್ಚಯಿಸಿದ್ದರು.

1921ರಲ್ಲಿ ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಅವರು ಇಂಗ್ಲೆಂಡಿಗೆ ಹೋಗಿಬಂದರು. ನಾರ್ಕುಂಡ ಎಂಬ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ಗಾಢವಾದ ನೀಲಿ ಅವರ ಕಣ್ಣನ್ನು ಸೆಳೆಯಿತು. ಕಡಲಿನ ನೀಲಿ ಬೇರೇನೂ ಅಲ್ಲ, ಆಕಾಶದ ನೀಲಿಯ ಪ್ರತಿಬಿಂಬ ಎಂಬುದು ಮಹಾವಿಜ್ಞಾನಿ ಲಾರ್ಡ್ ರ್‍ಯಾಲೆಯವರ ಮತವಾಗಿತ್ತು. ರಾಮನ್ ಅವರು ಜೇಬಿನಲ್ಲಿದ್ದ ನಿಕಲ್ ಪಟ್ಟಕವನ್ನು ಹೊರತೆಗೆದು, ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ಅದರಿಂದ ತಡೆದು ನೋಡಿದರು. ಪ್ರತಿಬಿಂಬ ಅಳಿಸಿಹೋಯಿತು, ಕಡಲಿನ ನೀಲಿ ಅಳಿಯಲಿಲ್ಲ, ಮತ್ತಷ್ಟು ಶುಭ್ರವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆಯೆಂದು ಅವರು ತೀರ್ಮಾನಿಸಿ ಆ ವಿಚಾರವನ್ನು ನೇಚರ್ ಪತ್ರಿಕೆಗೆ ಬರೆದು ಕಳುಹಿಸಿದರು. ನೀರು ಕೆಂಬೆಳಕನ್ನು ಅಷ್ಟಿಷ್ಟು ಹೀರಿಕೊಳ್ಳುವುದೂ ಕಡಲಿನ ನೀಲಿಗೆ ಮುಖ್ಯ ಕಾರಣವೆಂದು ಇಂದು ಚೆನ್ನಾಗಿ ತಿಳಿದಿದೆ. ಆದರೂ ಅಂದು ದೊರೆತ ಎಳೆ ಸಾಮಾನ್ಯವಾದುದಲ್ಲ. ಅಣುವಿನಷ್ಟು ಸಣ್ಣ ವಸ್ತುವಿನ ಸುಳಿವನ್ನು ಬೆಳಕು ನಮಗೆ ತಂದುಕೊಡಬಲ್ಲುದೆಂಬ ವಿಶ್ವಾಸ ಅವರಲ್ಲಿ ಬೇರೂರಿತು.

ಚದರಿಕೆಯ ನಿಯಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ತಿಳಿಯುವುದು ಉಚಿತ. ಕಣವು ಬೆಳಕಿನ ತರಂಗದೂರಕ್ಕಿಂತ ಬಹಳ ಚಿಕ್ಕದಾಗಿದ್ದರೆ ಅದು ಕೆಂಬೆಳಕಿಗಿಂತ ನೀಲಿಬೆಳಕನ್ನು ನಾಲ್ಕು ಪಟ್ಟಿಗೂ ಹೆಚ್ಚಾಗಿ ಚದುರಿಸುತ್ತದೆ. ಆಕಾಶದ ನೀಲಿಗೂ ದೂರದ ಬೆಟ್ಟದ ನೀಲಿಗೂ ಇದೇ ಕಾರಣ. ಕಣ ದೊಡ್ಡದಾದಂತೆ ಈ ಪಕ್ಷಪಾತ ಕಡಿಮೆಯಾಗಿ ಎಲ್ಲ ಬಣ್ಣಗಳೂ ಹೆಚ್ಚು ಕಡಿಮೆ ಸಮವಾಗಿ ಚದುರಿ ಬಿಳುಪು ಮೂಡುತ್ತದೆ. ದೊಡ್ಡ ದೊಡ್ಡ ಕೊಬ್ಬಿನ ಗೋಳಗಳು ಕಿಕ್ಕಿರಿದ ಹಾಲು ಬೆಳ್ಳಗಿರುವುದು ಇದರಿಂದ. ಗಾತ್ರದ ಪ್ರಭಾವ ಇಲ್ಲಿಗೇ ಮುಗಿಯುವುದಿಲ್ಲ. ಸಣ್ಣ ಕಣವೊಂದರ ವ್ಯಾಸ ಎರಡು ಪಟ್ಟಾದರೆ ಅದು ಚದುರಿಸುವ ಬೆಳಕು ಎರಡು ಪಟ್ಟಲ್ಲ, ಅರುವತ್ತನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ದ್ರವದಲ್ಲಿ ಒಂದೇ ಒಂದು ಧೂಳಿನ ಕಣವಿದ್ದರೂ ಅದು ಲಕ್ಷಾಂತರ ಅಣುಗಳ ಮಂದ ಬೆಳಕನ್ನು ಮರೆಮಾಡಿಬಿಡುತ್ತದೆ. ರಾಮನ್ ಅವರ ಶಿಷ್ಯರು ದ್ರವಗಳನ್ನು ನಿರ್ವಾತದಲ್ಲಿ ಮತ್ತೆ ಮತ್ತೆ ನಿಧಾನವಾಗಿ ಬಟ್ಟಿಯಿಳಿಸಿ, ಧೂಳಿನ ಸೋಂಕೂ ಇಲ್ಲದಂತೆ ಮಾಡಿ ಗಾಜಿನ ಬುರುಡೆಗಳಲ್ಲಿ ಮುಚ್ಚಿಡುತ್ತಿದ್ದುದು ಈ ಕಾರಣಕ್ಕಾಗಿ. ಆ ತಾಳ್ಮೆಯ ಕೆಲಸಕ್ಕೆ ದಿನಗಳು, ವಾರಗಳು ಹಿಡಿಯುತ್ತಿದ್ದವು.

1922ರಲ್ಲಿ ಬೆಳಕಿನ ಆಣವಿಕ ಚದರಿಕೆಯನ್ನು ಕುರಿತು ರಾಮನ್ ಅವರು ಬರೆದ ಗ್ರಂಥವನ್ನು ಕಲ್ಕತ್ತ ವಿಶ್ವವಿದ್ಯಾನಿಲಯ ಪ್ರಕಟಿಸಿತು. 1924ರಲ್ಲಿ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಗೊಂಡರು. ಆಮೇಲೆ ಅವರ ಗಮನ ಕಲಿಲಗಳತ್ತ ಹರಿಯಿತು. ಉಪ್ಪು ನೀರಿನಲ್ಲಿ ಕರಗುವಂತೆ ಪೂರ್ತಿಯಾಗಿ ಕರಗದೆ, ಮರಳಿನಂತೆ ತಳಕ್ಕೂ ಇಳಿಯದೆ ದ್ರವದಲ್ಲಿ ತೇಲಾಡುವ ಅತಿಸಣ್ಣ ಕಣಗಳ ಮಿಶ್ರಣವೇ ಕಲಿಲ. ಹಾಲು, ಅಂಟು, ಶಾಯಿ ಇವೆಲ್ಲ ಕಲಿಲಗಳೇ. ಬಹಳ ಹಿಂದೆ, 1857ರಲ್ಲಿ, ಮೈಕೇಲ್ ಫ್ಯಾರಡೆಯವರು ಚಿನ್ನದ ಸೂಕ್ಷ್ಮ ಕಣಗಳನ್ನು ನೀರಿನಲ್ಲಿ ತೇಲಿಸಿ, ಹಳದಿಯ ಚಿನ್ನ ಅಲ್ಲಿ ಮಾಣಿಕ್ಯದಂತೆ ಕೆಂಪಾಗಿ ಹೊಳೆಯುವುದನ್ನು ತೋರಿಸಿದ್ದರು. ಕಣಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡವಾದರೆ ಆ ಕೆಂಪು ನೀಲಿಯತ್ತ ತಿರುಗುತ್ತದೆ. ವಸ್ತು ಒಂದೇ ಆದರೂ ಕಣದ ಗಾತ್ರ ಬದಲಾದರೆ ಗುಣವೇ ಬದಲಾಗುವುದೆಂಬ ತತ್ತ್ವ ಇದರಲ್ಲಿ ಅಡಗಿದೆ.

1927ರಲ್ಲಿ ರಾಮನ್ ಅವರು ಕಲಿಲಗಳ ಚದರಿಕೆಗೂ ಅವುಗಳ ಅಭಿಸರಣ ಒತ್ತಡಕ್ಕೂ ಇರುವ ಸಂಬಂಧವನ್ನು ವಿವರಿಸುವ ಒಂದು ಲೇಖನವನ್ನು ಪ್ರಕಟಿಸಿದರು. ಅದರ ತಿರುಳು ಹೀಗಿದೆ. ದ್ರವದಲ್ಲಿ ತೇಲುವ ಕಣಗಳು ಎಲ್ಲೆಡೆಯೂ ಸಮನಾಗಿ ಹರಡಿರುವುದಿಲ್ಲ. ಸಂತೆಯ ಜನರಂತೆ ಈ ಕ್ಷಣ ಇಲ್ಲಿ ಗುಂಪು, ಅಲ್ಲಿ ವಿರಳ. ಮರುಕ್ಷಣ ಬೇರೆ ರೀತಿ. ಈ ಏರಿಳಿತವೇ ಬೆಳಕನ್ನು ಚದುರಿಸುತ್ತದೆ. ಗುಂಪುಗೂಡುವುದನ್ನು ತಡೆಯುವ ಶಕ್ತಿ ಅಭಿಸರಣ ಒತ್ತಡ. ಒಂದು ತೂಕದ ವಸ್ತುವನ್ನು ಕೆಲವೇ ದೊಡ್ಡ ಕಣಗಳಾಗಿ ನೀರಿಗೆ ಬಿಟ್ಟರೆ ಆ ಒತ್ತಡ ಕಡಿಮೆ, ಏರಿಳಿತ ಹೆಚ್ಚು, ಚದುರುವ ಬೆಳಕೂ ಹೆಚ್ಚು. ಅದೇ ತೂಕವನ್ನು ಅಸಂಖ್ಯಾತ ಚಿಕ್ಕ ಕಣಗಳಾಗಿ ಬಿಟ್ಟರೆ ಎಲ್ಲವೂ ಇದಕ್ಕೆ ವಿರುದ್ಧ. ಹೀಗೆ ಚದುರಿದ ಬೆಳಕನ್ನು ಅಳೆದರೆ ಕಾಣದ ಕಣದ ತೂಕ ತಿಳಿಯುತ್ತದೆ. ಈ ಬಗೆಯ ವಿಚಾರವನ್ನೇ 1944ರಲ್ಲಿ ಪೀಟರ್ ಡಿಬೈ ಅವರು ಪಾಲಿಮರುಗಳಿಗೆ ಅನ್ವಯಿಸಿದ ಮೇಲೆ ಅದು ಜಗತ್ತಿನ ರಸಾಯನಶಾಲೆಗಳಲ್ಲೆಲ್ಲ ದಿನಬಳಕೆಯ ಅಳತೆಗೋಲಾಯಿತು. ಮುಂದಿನ ವರ್ಷದ ಮಹಾಶೋಧದ ಪ್ರಖರತೆಯಲ್ಲಿ ಈ ಸಣ್ಣ ಲೇಖನ ಮಂಕಾಗಿ ಉಳಿದುದು ಸಹಜವೇ. ಆದರೆ ಅದರ ಬೆಲೆ ಚಿಕ್ಕದಲ್ಲ.

ಆ ಮಹಾಶೋಧದ ಕಥೆ ಸುಪರಿಚಿತವಾದುದು. ದ್ರವಗಳು ಚದುರಿಸಿದ ಬೆಳಕಿನಲ್ಲಿ ಮೂಲ ಬಣ್ಣದ ಜೊತೆಗೆ ಮತ್ತೊಂದು ಮಂದವಾದ ಬೆಳಕು ಬೆರೆತಿರುವುದನ್ನು 1923ರಲ್ಲಿಯೇ ಕೆ. ಆರ್. ರಾಮನಾಥನ್ ಅವರು ಗಮನಿಸಿದ್ದರು. ದ್ರವದ ಕೊಳೆಯೇ ಅದಕ್ಕೆ ಕಾರಣವಿರಬಹುದೆಂದು ಶಂಕಿಸಿ ಎಷ್ಟು ಬಾರಿ ಶುದ್ಧಿ ಮಾಡಿದರೂ ಅದು ಮಾಯವಾಗಲಿಲ್ಲ. ಕೆ. ಎಸ್. ಕೃಷ್ಣನ್, ವೆಂಕಟೇಶ್ವರನ್ ಮೊದಲಾದ ಶಿಷ್ಯರು ಈ ಬೆನ್ನಟ್ಟುವಿಕೆಯಲ್ಲಿ ಜೊತೆಗೂಡಿದರು. 1928ನೆಯ ಫೆಬ್ರವರಿ 28ರಂದು ರೋಹಿತದರ್ಶಕದ ಮೂಲಕ ನೋಡಿದಾಗ ಮೂಲ ಬೆಳಕಿನ ಪಕ್ಕದಲ್ಲಿ ಹೊಸ ಬಣ್ಣ ಬೇರೆಯಾಗಿ ನಿಂತಿತು. ಬೆಳಕು ಅಣುವಿಗೆ ತನ್ನ ಶಕ್ತಿಯ ಒಂದಂಶವನ್ನು ಕೊಟ್ಟು, ಇಲ್ಲವೆ ಅದರಿಂದ ಪಡೆದು ಬಣ್ಣವನ್ನು ಬದಲಿಸಿಕೊಳ್ಳುತ್ತದೆಂದು ಸಿದ್ಧವಾಯಿತು. ಇದೇ ರಾಮನ್ ಪರಿಣಾಮ. ಮಾರ್ಚ್ 16ರಂದು ದಕ್ಷಿಣ ಭಾರತ ವಿಜ್ಞಾನ ಸಂಘದ ಆಶ್ರಯದಲ್ಲಿ ಅವರು ಈ ಶೋಧವನ್ನು ಸವಿಸ್ತಾರವಾಗಿ ಸಾದರಪಡಿಸಿದುದು ನಮ್ಮ ಬೆಂಗಳೂರಿನಲ್ಲಿ. ಅದೇ ಕಾಲಕ್ಕೆ ರಷ್ಯದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡಲ್ಸ್ಟಾಮ್ ಎಂಬ ವಿಜ್ಞಾನಿಗಳು ಸ್ಫಟಿಕಗಳಲ್ಲಿ ಇದೇ ಸಂಗತಿಯನ್ನು ಸ್ವತಂತ್ರವಾಗಿ ಕಂಡಿದ್ದರು. 1929ರಲ್ಲಿ ಸರ್ ಪದವಿಯೂ 1930ರಲ್ಲಿ ನೊಬೆಲ್ ಪಾರಿತೋಷಕವೂ ರಾಮನ್ ಅವರಿಗೆ ದೊರೆತವು. ವಿಜ್ಞಾನಕ್ಕಾಗಿ ಆ ಗೌರವವನ್ನು ಪಡೆದ ಏಷ್ಯಾಖಂಡದ ಮೊದಲಿಗರು ಅವರು.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದರು. ಆ ಪೀಠವನ್ನೇರಿದ ಮೊದಲ ಭಾರತೀಯರು ಅವರೇ. ಅಲ್ಲಿಂದ ಕೊನೆಯುಸಿರಿನವರೆಗೆ, ಮೂವತ್ತೇಳು ವರ್ಷಗಳ ಕಾಲ, ಕರ್ನಾಟಕವೇ ಅವರ ಮನೆಯಾಯಿತು. ಬಂದೊಡನೆಯೇ ಭೌತಶಾಸ್ತ್ರ ವಿಭಾಗವನ್ನು ತೆರೆದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ನಾಗೇಂದ್ರನಾಥರೊಡನೆ ಶ್ರವಣಾತೀತ ಅಲೆಗಳಿಂದ ಬೆಳಕು ವಿವರ್ತನೆಗೊಳ್ಳುವ ಸಿದ್ಧಾಂತವನ್ನು ರೂಪಿಸಿದರು. ಶಿಷ್ಯರಾದ ಆರ್. ಎಸ್. ಕೃಷ್ಣನ್ ಅವರು ಕಲಿಲಗಳ ಅಭ್ಯಾಸವನ್ನು ಮುಂದುವರಿಸಿ, ಚದುರಿದ ಬೆಳಕಿನ ಧ್ರುವೀಕರಣವನ್ನು ಅಳೆದು ಕಣಗಳ ಗಾತ್ರ ಆಕಾರಗಳ ವಿಚಾರದಲ್ಲಿ ಹೊಸ ಸಂಗತಿಗಳನ್ನು ಬೆಳಕಿಗೆ ತಂದರು. ಆದರೆ ಆಡಳಿತದ ವಿಷಯದಲ್ಲಿ ಭಿನ್ನಾಭಿಪ್ರಾಯಗಳು ಬೆಳೆದು 1937ರಲ್ಲಿ ರಾಮನ್ ಅವರು ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ನೊಬೆಲ್ ಪ್ರಶಸ್ತಿಯ ಕೀರ್ತಿ ಹೊತ್ತವರಿಗೆ ಇದು ಸಣ್ಣ ನೋವಲ್ಲ. ಅವರು ಊರು ಬಿಟ್ಟು ಹೋಗಲಿಲ್ಲ. ಪ್ರಾಧ್ಯಾಪಕರಾಗಿ ಅದೇ ಮಂದಿರದಲ್ಲಿ ಉಳಿದು 1948ರವರೆಗೂ ಪ್ರಯೋಗಗಳನ್ನು ನಡೆಸಿದರು.

ಮೈಸೂರು ಮಹಾರಾಜರು ನೀಡಿದ್ದ ನೆಲದಲ್ಲಿ 1948ರಲ್ಲಿ ರಾಮನ್ ಸಂಶೋಧನ ಮಂದಿರ ತಲೆಯೆತ್ತಿತು. ಅದರ ಸುತ್ತ ಅವರು ಮರಗಿಡಗಳನ್ನು ನೆಟ್ಟು, ಗುಲಾಬಿ ತೋಟವನ್ನು ಬೆಳೆಸಿದರು. ಒಳಗೆ ರತ್ನಗಳು, ಹರಳುಗಳು, ಚಿಪ್ಪುಗಳು, ಚಿಟ್ಟೆಗಳು ತುಂಬಿದ ಸಂಗ್ರಹಾಲಯವಿತ್ತು. ಸೌಂದರ್ಯವನ್ನು ಆಸ್ವಾದಿಸುವುದೂ ಅದರ ಕಾರಣವನ್ನು ಶೋಧಿಸುವುದೂ ಅವರಿಗೆ ಎರಡು ಕೆಲಸಗಳಾಗಿರಲಿಲ್ಲ. ಉದಾಹರಣೆಗೆ, ಓಪಲ್ ಎಂಬ ಹರಳಿನಲ್ಲಿ ಕಾಮನಬಿಲ್ಲಿನ ಬಣ್ಣಗಳು ಆಡುತ್ತವೆ. ಆ ಹರಳಿನಲ್ಲಿ ಬಣ್ಣದ ವಸ್ತು ಮಾತ್ರ ಏನೂ ಇಲ್ಲ. ರಾಮನ್ ಅವರು ಅದರ ಒಳರಚನೆಯೇ ಬಣ್ಣಕ್ಕೆ ಕಾರಣವೆಂದು ಸಾಧಿಸಹೊರಟರು. 1964ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿದ ಚಿತ್ರ ಅವರು ಊಹಿಸಿದ್ದಕ್ಕಿಂತ ಬೇರೆಯಾಗಿತ್ತು. ಒಂದೇ ಗಾತ್ರದ ಸಿಲಿಕದ ಸಣ್ಣ ಗುಂಡುಗಳು ಕಿತ್ತಳೆ ಹಣ್ಣಿನ ರಾಶಿಯಂತೆ ಅಚ್ಚುಕಟ್ಟಾಗಿ ಜೋಡಿಸಿಕೊಂಡಿದ್ದವು. ಗುಂಡು ದೊಡ್ಡದಾದಲ್ಲಿ ಕೆಂಪು, ಚಿಕ್ಕದಾದಲ್ಲಿ ನೀಲಿ. ವಿವರ ಬೇರೆಯಾದರೂ ಬಣ್ಣದ ಗುಟ್ಟು ಅತಿಸಣ್ಣ ರಚನೆಯಲ್ಲಿದೆ ಎಂಬ ಅವರ ನಂಬಿಕೆ ಸುಳ್ಳಾಗಲಿಲ್ಲ.

ಈ ಅಳತೆಗೋಲು ಇಂದು ಎಷ್ಟು ದೂರ ಸಾಗಿದೆಯೆಂಬುದನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಚಿಕ್ಕ ಚಿಕ್ಕ ಅಣುಗಳು ಸರಪಣಿಯಂತೆ ಹೆಣೆದುಕೊಂಡು ಆದ ದೊಡ್ಡ ಅಣುವಿಗೆ ಪಾಲಿಮರ್ ಎನ್ನುತ್ತಾರೆ. ನಮ್ಮ ತೋಟಗಳ ಹೂವಿನ ದಂಡೆಯನ್ನು ನೆನೆದುಕೊಳ್ಳಿ. ದಂಡೆಯ ಅರ್ಧಕ್ಕೆ ಬರಿಯ ಮಲ್ಲಿಗೆಯನ್ನೂ ಉಳಿದರ್ಧಕ್ಕೆ ಬರಿಯ ಕನಕಾಂಬರವನ್ನೂ ಕಟ್ಟಿದರೆ ಹೇಗೋ ಹಾಗೆ ಎರಡು ಬೇರೆ ಬೇರೆ ಪಾಲಿಮರುಗಳನ್ನು ತುದಿಗೆ ತುದಿ ಸೇರಿಸಿದುದು ಬ್ಲಾಕ್ ಕೋಪಾಲಿಮರ್. 1956ರಲ್ಲಿ ಮೈಕೇಲ್ ಶ್ವಾರ್ಟ್ಸ್ ಅವರು ಪಾಲಿಮರ್ ಸರಪಣಿಯ ತುದಿ ಮುಚ್ಚಿಹೋಗದಂತೆ ಬೆಳೆಸುವ ವಿಧಾನವನ್ನು ತೋರಿಸಿದ ಮೇಲೆ ಇಂಥ ದಂಡೆಗಳನ್ನು ಬೇಕಾದ ಉದ್ದಕ್ಕೆ ಕಟ್ಟುವುದು ಸಾಧ್ಯವಾಯಿತು. ಅರ್ಧಭಾಗ ನೀರನ್ನು ಬಯಸುವಂಥದು, ಉಳಿದರ್ಧ ನೀರನ್ನು ಕಂಡರಾಗದಂಥದು ಎಂದಿಟ್ಟುಕೊಳ್ಳೋಣ. ಇವನ್ನು ನೀರಿಗೆ ತಂದಾಗ ನೀರನ್ನೊಲ್ಲದ ಭಾಗಗಳು ಒಳಕ್ಕೆ ಮುದುಡಿ ಒಂದೆಡೆ ಸೇರುತ್ತವೆ. ನೀರನ್ನೊಲಿಯುವ ಭಾಗಗಳು ಹೊರಗೆ ಚಾಚಿಕೊಂಡು ಕಾವಲು ನಿಲ್ಲುತ್ತವೆ. ಸಾಬೂನು ಕೊಳೆಯನ್ನು ಸುತ್ತುವರಿದು ತೊಳೆಯುವುದೂ ಇದೇ ತತ್ತ್ವದಿಂದ. ಹೀಗೆ ತಾನೇ ತಾನಾಗಿ ರೂಪುಗೊಂಡ ಉಂಡೆಯ ವ್ಯಾಸ ಸಾಮಾನ್ಯವಾಗಿ ಹತ್ತಾರು ನ್ಯಾನೊಮೀಟರು. ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೊಮೀಟರು.

ನೀರಿನಲ್ಲಿ ಕರಗದ ಔಷಧವನ್ನು ಈ ಉಂಡೆಯ ಒಡಲಲ್ಲಿಟ್ಟು ರಕ್ತದೊಳಗೆ ಸಾಗಿಸಬಹುದು. ಕ್ಯಾನ್ಸರಿನ ಔಷಧವೊಂದನ್ನು ಹೀಗೆ ಸಾಗಿಸುವ ವಿಧಾನಕ್ಕೆ 2007ರಲ್ಲಿ ದಕ್ಷಿಣ ಕೊರಿಯಾ ಅನುಮತಿ ನೀಡಿತು. ಇಲ್ಲಿ ಗಾತ್ರವೇ ಜೀವಾಳ. ಕಣ ಐದಾರು ನ್ಯಾನೊಮೀಟರಿಗಿಂತ ಚಿಕ್ಕದಾದರೆ ಮೂತ್ರಪಿಂಡವು ಅದನ್ನು ಬೇಗನೆ ಸೋಸಿ ಹೊರಹಾಕುತ್ತದೆ; ಇನ್ನೂರನ್ನು ಮೀರಿ ಬೆಳೆದರೆ ಯಕೃತ್ತು, ಗುಲ್ಮಗಳು ಹಿಡಿದಿಟ್ಟುಕೊಳ್ಳುತ್ತವೆ. ಎರಡರ ನಡುವಿನ ಗಾತ್ರವೇ ಬೇಕು. ಅದೂ ಎಲ್ಲ ಕಣಗಳೂ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿರಬೇಕು. ಇದನ್ನು ಸಾಧಿಸಲು ಹಲವು ಉಪಾಯಗಳಿವೆ. ನೀರನ್ನೊಲ್ಲದ ಭಾಗವನ್ನು ಉದ್ದವಾಗಿ ಕಟ್ಟಿದರೆ ಉಂಡೆಯ ತಿರುಳು ಹಿಗ್ಗುತ್ತದೆ; ಮೋಟಾಗಿಸಿದರೆ ಕುಗ್ಗುತ್ತದೆ. ಬೇರೊಂದು ದ್ರಾವಕದಲ್ಲಿ ಕರಗಿಸಿದ ಪಾಲಿಮರನ್ನು ಕಣ್ಣೆವೆ ಮುಚ್ಚುವುದರೊಳಗೆ ನೀರಿನೊಡನೆ ಬೆರೆಸಿದರೆ ಏಕಕಾಲಕ್ಕೆ ಅಸಂಖ್ಯ ಉಂಡೆಗಳು ಮೊಳೆತು ಒಂದೊಂದಕ್ಕೂ ಸಿಗುವ ಪಾಲು ಸ್ವಲ್ಪವಾದ್ದರಿಂದ ಅವು ಸಣ್ಣದಾಗಿಯೇ ನಿಲ್ಲುತ್ತವೆ. ಸಾವಕಾಶವಾಗಿ ಬೆರೆಸಿದರೆ ಕೂಡಿಕೊಂಡು ದೊಡ್ಡವಾಗುತ್ತವೆ. ದ್ರಾವಣದ ಸಾಂದ್ರತೆ, ಉಷ್ಣತೆ, ದ್ರಾವಕದ ಆಯ್ಕೆ ಇವೂ ಗಾತ್ರವನ್ನು ತಿದ್ದಬಲ್ಲವು.

ಆದರೆ ಅಳೆಯಲಾಗದುದನ್ನು ಹಿಡಿತಕ್ಕೆ ತರಲಾಗದು. ತಯಾರಾದ ಕಣ ಮೂವತ್ತು ನ್ಯಾನೊಮೀಟರೋ ಮುನ್ನೂರೋ ಎಂದು ಹೇಳುವವರಾರು? ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅವು ನಿಲುಕುವುದಿಲ್ಲ. ಆಗ ಉತ್ತರ ಕೊಡುವುದು ಚದುರಿದ ಬೆಳಕೇ. ಲೇಸರ್ ಕಿರಣವನ್ನು ದ್ರಾವಣದ ಮೂಲಕ ಹಾಯಿಸಿದಾಗ ಕಣಗಳ ನಿರಂತರ ತಳಮಳದಿಂದ ಚದುರಿದ ಬೆಳಕು ಮಿನುಗುತ್ತದೆ. ಚಿಕ್ಕ ಕಣ ಚುರುಕಾಗಿ ಅಲೆಯುವುದರಿಂದ ಮಿನುಗು ವೇಗವಾಗಿರುತ್ತದೆ; ದೊಡ್ಡ ಕಣದ್ದು ನಿಧಾನ. ಆ ವೇಗದಿಂದ ಗಾತ್ರವನ್ನು ಗಣಿಸುತ್ತಾರೆ. ಲೇಸರ್ ಬಂದುದು 1960ರಲ್ಲಿ. ಈ ಉಪಕರಣವನ್ನು ರಾಮನ್ ಅವರು ರಚಿಸಲಿಲ್ಲ. ಆದರೆ ಏರಿಳಿತದಿಂದ ಬೆಳಕು ಚದುರುತ್ತದೆ, ಚದುರಿದ ಬೆಳಕು ಕಣದ ವರದಿಯನ್ನು ತರುತ್ತದೆ ಎಂಬ ತಿಳಿವಳಿಕೆಯ ದಾರಿಯಲ್ಲಿ ಅವರೂ ಅವರ ಶಿಷ್ಯರೂ ಮೊದಲ ಸಾಲಿನ ಪಥಿಕರು.

ಅವರ ತರುವಾಯವೂ ಈ ಪರಂಪರೆ ನಮ್ಮ ನಾಡಿನಲ್ಲಿ ಬತ್ತಲಿಲ್ಲ. ರಾಮನ್ ಅವರ ಸೋದರಿಯ ಮಗನೂ ಶಿಷ್ಯರೂ ಆದ ಎಸ್. ಚಂದ್ರಶೇಖರ್ ಅವರು 1971ರಲ್ಲಿ ರಾಮನ್ ಸಂಶೋಧನ ಮಂದಿರಕ್ಕೆ ಬಂದು ದ್ರವಸ್ಫಟಿಕಗಳ ಅಭ್ಯಾಸವನ್ನು ಕಟ್ಟಿ ಬೆಳೆಸಿದರು. ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು 1977ರಲ್ಲಿ ಅವರ ತಂಡ ತೋರಿಸಿತು. 1991ರಲ್ಲಿ ಅವರು ಸ್ಥಾಪಿಸಿದ ದ್ರವಸ್ಫಟಿಕ ಸಂಶೋಧನ ಕೇಂದ್ರವು ಮುಂದೆ ನ್ಯಾನೊ ಮತ್ತು ಮೃದುದ್ರವ್ಯ ವಿಜ್ಞಾನ ಕೇಂದ್ರವೆಂಬ ಹೆಸರು ತಳೆದು, ನೆಲಮಂಗಲದ ಕಡೆಯ ದಾಸನಪುರ ಹೋಬಳಿಯ ಶಿವನಪುರದಲ್ಲಿ ನೆಲೆಗೊಂಡಿದೆ. ದೇವನಹಳ್ಳಿಗೆ ಹೋಗುವ ದಾರಿಯ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರವಿದೆ. ರಾಗಿಯ ಹೊಲ, ದ್ರಾಕ್ಷಿಯ ತೋಟ, ಮಗ್ಗದ ಮನೆಗಳಿಗೆ ಹೆಸರಾದ ಈ ಸೀಮೆಯ ಮಗ್ಗುಲಲ್ಲಿಯೇ ಮೀಟರಿನ ನೂರು ಕೋಟಿಯಲ್ಲೊಂದು ಪಾಲನ್ನು ಕುರಿತ ಸಂಶೋಧನೆ ನಡೆಯುತ್ತಿರುವುದು ಇಲ್ಲಿನ ಮಕ್ಕಳು ತಿಳಿದಿರಬೇಕಾದ ಸಂಗತಿ.

ಮಹಾಪುರುಷರ ಜೀವನವನ್ನು ಓದುವಾಗ ಅವರ ಗುಣಗಳೊಂದಿಗೆ ಮಿತಿಗಳನ್ನೂ ಅರಿಯುವುದು ನ್ಯಾಯ. ರಾಮನ್ ಅವರ ಸ್ವಭಾವದಲ್ಲಿ ಅಭಿಮಾನ ಹೆಚ್ಚು, ರಾಜಿ ಕಡಿಮೆ. ಸ್ಫಟಿಕಗಳಲ್ಲಿ ಪರಮಾಣುಗಳ ಕಂಪನವನ್ನು ಕುರಿತು ಮ್ಯಾಕ್ಸ್ ಬಾರ್ನ್ ಅವರೊಡನೆ ಬಹುಕಾಲ ವಾದ ನಡೆಸಿದರು. ಕಾಲ ಬಾರ್ನ್ ಅವರ ಪಕ್ಷವನ್ನು ಎತ್ತಿಹಿಡಿಯಿತು. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ವಿಜ್ಞಾನ ಮಂದಿರದಲ್ಲಿ ಅಧ್ಯಯನಕ್ಕೆ ಅವಕಾಶ ಕೇಳಿದಾಗ ಹೆಣ್ಣೆಂಬ ಕಾರಣಕ್ಕೆ ಮೊದಲು ನಿರಾಕರಿಸಿ, ಆಕೆ ಪಟ್ಟುಹಿಡಿದ ಮೇಲೆ ಷರತ್ತುಗಳನ್ನು ವಿಧಿಸಿ ಸೇರಿಸಿಕೊಂಡರು. ಆಕೆಯ ಶ್ರದ್ಧೆ ಆ ಬಾಗಿಲನ್ನು ತೆರೆಸಿತು. ಮುಂದೆ ಕಮಲಾ ಸೊಹೋನಿ ಎಂಬ ಹೆಸರಿನಿಂದ ಅವರು ಖ್ಯಾತ ಜೀವರಸಾಯನ ವಿಜ್ಞಾನಿಯಾದರು. ಅನ್ನಾ ಮಣಿ, ಸುನಂದಾ ಬಾಯಿ ಮೊದಲಾದ ವಿದ್ಯಾರ್ಥಿನಿಯರು ಆನಂತರ ರಾಮನ್ ಅವರ ಪ್ರಯೋಗಶಾಲೆಯಲ್ಲಿಯೇ ಸಂಶೋಧನೆ ನಡೆಸಿದರು. ಬೆಳಕಿನ ಸೂಕ್ಷ್ಮಗಳನ್ನು ಬಲ್ಲವರಿಗೂ ತಮ್ಮ ಕಾಲದ ಮಸುಕು ತಪ್ಪಲಿಲ್ಲವೆಂಬುದನ್ನು ಇದು ತೋರಿಸುತ್ತದೆ.

1954ರಲ್ಲಿ ರಾಷ್ಟ್ರವು ಅವರಿಗೆ ಭಾರತರತ್ನ ಪ್ರಶಸ್ತಿಯನ್ನು ನೀಡಿತು. 1957ರಲ್ಲಿ ಲೆನಿನ್ ಶಾಂತಿ ಪಾರಿತೋಷಕ ಬಂದಿತು. ಬಿರುದುಗಳು ಬಂದರೂ ದಿನಚರಿ ಬದಲಾಗಲಿಲ್ಲ. ಎಂಬತ್ತರ ಸಮೀಪದಲ್ಲಿಯೂ ಹೂಗಳ ಬಣ್ಣವನ್ನೂ ಮನುಷ್ಯನ ಕಣ್ಣು ಬಣ್ಣವನ್ನು ಗ್ರಹಿಸುವ ರೀತಿಯನ್ನೂ ಅವರು ಅಭ್ಯಸಿಸುತ್ತಿದ್ದರು. 1968ರಲ್ಲಿ ದೃಷ್ಟಿಯನ್ನು ಕುರಿತ ಅವರ ಗ್ರಂಥ ಹೊರಬಂದಿತು. 1970ರ ಅಕ್ಟೋಬರ್ 2ರಂದು ಪ್ರತಿವರ್ಷದ ಪದ್ಧತಿಯಂತೆ ಗಾಂಧಿ ಸ್ಮಾರಕ ಉಪನ್ಯಾಸವನ್ನು ನೀಡಿದರು. ಅದೇ ವರ್ಷ ನವೆಂಬರ್ 21ರಂದು ಬೆಂಗಳೂರಿನಲ್ಲಿ ಅವರ ದೇಹಾಂತವಾಯಿತು. ಅವರ ಇಚ್ಛೆಯಂತೆ ಆಡಂಬರವಿಲ್ಲದೆ ಮಂದಿರದ ಆವರಣದಲ್ಲಿಯೇ ಅಂತ್ಯಸಂಸ್ಕಾರ ನಡೆಯಿತು. ಅಲ್ಲಿ ಗೋರಿಯಿಲ್ಲ, ಪ್ರತಿಮೆಯಿಲ್ಲ. ಒಂದು ಮರವನ್ನು ನೆಟ್ಟರು. ಅವರ ಶೋಧದ ನೆನಪಿಗಾಗಿ 1987ರಿಂದ ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ.

ರಾಮನ್ ಅವರು ಶೋಧಕ್ಕೆಂದು ಆರಿಸಿಕೊಂಡ ವಸ್ತುಗಳಲ್ಲಿ ಅಪರೂಪವಾದುವು ಕೆಲವೇ. ಕಡಲು, ಆಕಾಶ, ಹೂವು, ಚಿಪ್ಪು, ವೀಣೆಯ ತಂತಿ ಇವು ಎಲ್ಲರಿಗೂ ಕಾಣುವಂಥವು, ಕೇಳುವಂಥವು. ಹಡಗಿನ ಮೇಲಿದ್ದ ನೂರಾರು ಪ್ರಯಾಣಿಕರು ಅದೇ ನೀಲಿಯನ್ನು ನೋಡಿ ಸಂತೋಷಪಟ್ಟಿರಬೇಕು. ಅವರಲ್ಲಿ ಒಬ್ಬರು ಮಾತ್ರ, ದೊಡ್ಡವರು ಕೊಟ್ಟಿದ್ದ ಉತ್ತರವನ್ನು ಹಾಗೆಯೇ ಒಪ್ಪಿಕೊಳ್ಳದೆ, ಒಂದು ಚಿಕ್ಕ ಪಟ್ಟಕವನ್ನು ಕಣ್ಣಿಗಿಟ್ಟು ಪರೀಕ್ಷಿಸಿದರು. ಕಂಡುದನ್ನು ಪ್ರಶ್ನಿಸುವುದು, ಪ್ರಶ್ನೆಯನ್ನು ಅಳತೆಗೆ ತರುವುದು, ಅಳತೆಗೆ ಅಡ್ಡಬರುವ ಧೂಳನ್ನು ತಾಳ್ಮೆಯಿಂದ ನಿವಾರಿಸುವುದು, ಇವು ಯಾವ ಊರಿನ ಯಾವ ವಿದ್ಯಾರ್ಥಿಗೂ ಸಾಧ್ಯವಾದ ಕೆಲಸಗಳು. ಇವನ್ನು ಅಭ್ಯಾಸ ಮಾಡಿಕೊಂಡವರಿಗೆ ಕಾಣದ ಕಣವೂ ಒಂದು ದಿನ ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ.